‘ಪೋರ್ಟಿಕೊ’ಗೆ ಕನ್ನಡದಲ್ಲಿ ಏನನ್ನೋಣ? ಜಗಲಿ, ಕೈಸಾಲೆ, ಸಾಲುಮಂಟಪ

ಗೆಳೆಯರೇ,

ಇಟಲಿಯ ಬೊಲೋನ್ಯಾ ಊರಿನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದೇ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿನ ಹಳೇ ಊರಿನಲ್ಲಿ ಮನೆಗಳ ಮಹಡಿ ಬೀದಿಯ ಕಡೆಗೆ ಚಾಚಿರುತ್ತದೆ. ಅದನ್ನು ಕೆಳಗಿನಿಂದ ಕಂಬಗಳು ಹೊತ್ತಿರುತ್ತವೆ. ಕಂಬಕ್ಕೂ ಅಂಗಡಿ ಬಾಗಿಲಿಗೂ ನಡುವೆ ಜನ ಓಡಾಡುತ್ತಾರೆ. ಇದಕ್ಕೆ ಅವರು ‘ಪೋರ್ತಿಕೊ’ ಅನ್ನುತ್ತಾರೆ. ಒಂದು ಮನೆಯದು ಮುಗಿದಲ್ಲಿ ಪಕ್ಕದ ಮನೆಯದು ಶುರು. ಊರೆಲ್ಲ ಸೇರಿ 62 ಕಿಲೋಮೀಟರ್! ನಾನು ಹೋದ ದಿನ ಜೋರು ಮಳೆ. ರೈಲ್ವೆ ಸ್ಟೇಷನ್ ಹತ್ತಿರದಿಂದ ಊರ ನಡುವಿನ ಚೌಕದ ತನಕ ನಡೆದೆ, ಕೊಡೆ ಬಿಚ್ಚಲೇ ಇಲ್ಲ.

ಪೋರ್ಟಿಕೊ ಅಂತಲೇ ಬರೆಯಬಹುದಿತ್ತು. ಆದರೆ ನಮ್ಮಲ್ಲಿ ಪೋರ್ಟಿಕೊ ಅಂದರೆ ಮನೆ ಮುಂದೆ ಕಾರು ನಿಲ್ಲಿಸುವ ಜಾಗ, ಅಲ್ವಾ? ನಡೆಯುವವರ ಜಾಗಕ್ಕೆ ಆ ಪದ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಮೊದಲು ಹೊಳೆದದ್ದು ಜಗಲಿ. ಜಾಗ ಮನೆಯವರದು, ಆದರೂ ದಾರಿಹೋಕರು ಬಂದು ಕೂರಬಹುದು. ಬೊಲೋನ್ಯಾದಲ್ಲೂ ಹಾಗೇ. ಹಿಂದೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಓದುವ ಹುಡುಗರು ಬಂದು ತುಂಬಿದರು, ಜಾಗ ಸಾಲದೆ ಮಹಡಿಗಳು ಮುಂದಕ್ಕೆ ಬೆಳೆದವು. 1288ರಲ್ಲಿ ಊರಿನ ಆಡಳಿತ ಕಟ್ಟಳೆಯನ್ನೇ ಮಾಡಿತು: ಮನೆಯವರು ಪೋರ್ತಿಕೊ ಕಟ್ಟಲೇಬೇಕು, ರಿಪೇರಿಯೂ ಅವರದೇ, ಓಡಾಟ ಮಾತ್ರ ಎಲ್ಲರದು. 13ನೇ ಶತಮಾನದ ಕಾಸಾ ಇಸೊಲಾನಿ ಮನೆಯ ಮುಂದೆ ಇವತ್ತಿಗೂ ಉದ್ದುದ್ದ ಮರದ ಕಂಬಗಳಿವೆ. ಅವನ್ನು ನೋಡುತ್ತಾ ಅಜ್ಜಿ ಮನೆ ಜಗಲಿಯ ಕಂಬ ನೆನಪಾಯಿತು. ಜನ ಒರಗಿ ಒರಗಿ ಬೆನ್ನು ತಾಗುವಷ್ಟು ಜಾಗ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

ಆದರೆ ಜಗಲಿ ಕೂರುವ ಜಾಗ. ಬೀದಿಗಿಂತ ಎತ್ತರ, ಮೆಟ್ಟಿಲು ಹತ್ತಬೇಕು. ಪೋರ್ತಿಕೊ ಸಾಗುವ ಜಾಗ. ಕುದುರೆ ಮೇಲೆ ಕೂತವರೂ ಹಾಯಲಿ ಅಂತ ಅದರ ಎತ್ತರ ಕನಿಷ್ಠ 2.66 ಮೀಟರ್ ಇರಬೇಕಿತ್ತು.

ಕೈಸಾಲೆ, ಅಂದರೆ ಗುಡಿಯ ಅಂಗಳದ ಸುತ್ತ ಇರುವ ಕಂಬಸಾಲಿನ ಪಡಸಾಲೆ? ಆಕಾರ ಸರಿಹೋಗುತ್ತದೆ. ಆದರೆ ಸೋಮನಾಥಪುರದ ಕೈಸಾಲೆ ನೆನೆಸಿಕೊಳ್ಳಿ. ಅದರ ಮುಖ ಒಳಗೆ, ಗುಡಿಯ ಕಡೆಗೆ. ಬೀದಿಗೆ ಬೆನ್ನು. ಹಂಪಿಯ ರಥಬೀದಿಯ ಸಾಲುಮಂಟಪ ಇನ್ನೂ ಹತ್ತಿರ, ಆದರೆ ಆ ಪದದಲ್ಲಿ ಮನೆಯ ನೆನಪೇ ಬರುವುದಿಲ್ಲ. ಬೊಲೋನ್ಯಾದಲ್ಲೇ ಸಾನ್ ಲೂಕಾ ಗುಡ್ಡ ಹತ್ತುವ 666 ಕಮಾನುಗಳ ದಾರಿಗೆ ಸಾಲುಮಂಟಪ ಅಂತಲೇ ಬರೆದಿದ್ದೇನೆ. ಅಲ್ಲಿ ಮೇಲೆ ಮನೆಗಳಿಲ್ಲ, ಸುಮ್ನೆ ಚಾವಣಿ ಅಷ್ಟೇ.

ಊರೊಳಗಿನದಕ್ಕೆ ಸದ್ಯಕ್ಕೆ ‘ಸಾಲುಜಗಲಿ’ ಅಂತ ಇಟ್ಟುಕೊಂಡಿದ್ದೇನೆ. ನಾನೇ ಕಟ್ಟಿದ ಪದ, ಬಳಕೆಯ ಪದ ಸಿಕ್ಕರೆ ಖಂಡಿತ ಬಿಡುತ್ತೇನೆ. ಅಗ್ರಹಾರದ ಬೀದಿಗಳಲ್ಲಿ ಜಗಲಿಗೆ ಜಗಲಿ ತಾಗಿಕೊಂಡು, ಕೆಳಗಿಳಿಯದೆ ಮನೆಯಿಂದ ಮನೆಗೆ ಹೋಗುವ ಹಾಗಿದ್ದರೆ ಅದಕ್ಕೊಂದು ಹೆಸರಿತ್ತೇ? ನಿಮ್ಮೂರಿನ ಹಳೇ ಪೇಟೆಯಲ್ಲಿ ಅಂಗಡಿ ಮುಂದೆ, ಮಹಡಿ ಕೆಳಗೆ ನಡೆಯುವ ಜಾಗಕ್ಕೆ ಏನನ್ನುತ್ತಾರೆ? ಯಾವ ಊರು ಅಂತಲೂ ತಿಳಿಸಿ.