ಆಷಾಢದಲ್ಲಿ ತುಡುವೆ ಜೇನು ಪೆಟ್ಟಿಗೆ ಬಿಟ್ಟು ಹೋಯಿತು, ಎಲ್ಲಿ ತಪ್ಪಿದೆ?

ಹಿತ್ತಲಮನೆ, ಸಿದ್ದಾಪುರ:
ಮನೆಯ ಹಿಂದೆ ಐದು ಗುಂಟೆ ಹಿತ್ತಿಲಿದೆ. ಮೂರು ವರ್ಷದಿಂದ ಅಲ್ಲಿಗೆ ರಾಸಾಯನಿಕ ಸೋಕಿಸಿಲ್ಲ. ಕೊಟ್ಟಿಗೆ ಗೊಬ್ಬರ, ಜೀವಾಮೃತ, ದರಕಿನ (ಒಣ ಎಲೆಯ) ಮುಚ್ಚಿಗೆ, ಅಷ್ಟೇ. ಮಣ್ಣು ಚೆನ್ನಾಗಿದೆ, ಆದರೆ ಮಗೆಸೌತೆ, ಹಾಗಲದ ಮಿಡಿಗಳು ಅರ್ಧಕ್ಕರ್ಧ ಹಳದಿಯಾಗಿ ಉದುರುತ್ತಿದ್ದವು. ಪರಾಗಸ್ಪರ್ಶ ಸಾಲುತ್ತಿಲ್ಲವೆಂದು ಜನವರಿಯಲ್ಲಿ ಒಂದು ತುಡುವೆ ಪೆಟ್ಟಿಗೆ ತಂದೆ. ಆಮೇಲೆ ಬಳ್ಳಿ ತುಂಬ ಕಾಯಿ.

ಮೇ ತಿಂಗಳಲ್ಲಿ ಜೇನುತುಪ್ಪ ತೆಗೆದೆವು. ಮೇಲಿನ ಕೋಣೆಯದಷ್ಟೇ ಅಲ್ಲ, ಕೆಳಗಿನ ಕೋಣೆಯ ಎರಿಗಳ (ಮೇಣದ ಹಲ್ಲೆಗಳ) ಅಂಚಿನದನ್ನೂ ಕತ್ತರಿಸಿದೆವು. ಆಷಾಢದ ಮಳೆಯಲ್ಲಿ ಎಂಟು ದಿನ ಅತ್ತ ಹೋಗಲಾಗಲಿಲ್ಲ. ಮುಚ್ಚಳ ತೆಗೆದಾಗ ಒಂದು ಜೇನುಹುಳವೂ ಇಲ್ಲ, ಸತ್ತದ್ದೂ ಇಲ್ಲ. ಎರಿಯ ತುಂಬ ಜೇಡರ ಬಲೆಯಂಥ ನೂಲು, ಅದರೊಳಗೆ ಮಿಸುಕುವ ಬಿಳಿ ಹುಳುಗಳು, ಕಪ್ಪು ಹಿಕ್ಕೆ. ನಿಂತಲ್ಲೇ ಅಳು ಬಂತು. ಆ ಹುಳುಗಳೇ ಜೇನನ್ನು ಓಡಿಸಿದವೇ? ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವುದು ಸಹಜ ಪದ್ಧತಿಗೆ ಒಪ್ಪುತ್ತದೆಯೇ? ಈ ಸಲ ಸರಿಯಾಗಿ ಕಲಿತೇ ಶುರುಮಾಡಬೇಕು.

ಸುಳ್ಯದ ಜೇನುಗಾರ:
ತಂಗೀ, ಸತ್ತ ಹುಳ ಇರಲಿಲ್ಲ ಎಂದಿರಲ್ಲ, ಉತ್ತರ ಅಲ್ಲೇ ಇದೆ. ಅವು ಹಸಿದು ಹೊರಟುಹೋದವು. ನೀವು ಕಂಡದ್ದು ಮೇಣದ ಪತಂಗದ ಮರಿಗಳು. ಕುಟುಂಬ ಬಲವಾಗಿದ್ದು, ಎರಿಯ ಎರಡೂ ಮಗ್ಗುಲನ್ನು ಜೇನು ಮುಚ್ಚಿ ಕುಳಿತಿದ್ದರೆ ಅವಕ್ಕೆ ಜಾಗವೇ ಸಿಗುವುದಿಲ್ಲ.

ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಜೇನಿಗೆ ಬರಗಾಲ. ಹೂವಿದ್ದರೂ ಮಳೆ ಹೊರಗೆ ಬಿಡುವುದಿಲ್ಲ. ಕೆಳಗಿನ ಕೋಣೆಯಲ್ಲಿ ಅವು ಕೂಡಿಟ್ಟದ್ದು ಆ ಮೂರು ತಿಂಗಳ ಅಕ್ಕಿ. ಅದಕ್ಕೆ ಕೈ ಹಾಕಬಾರದಿತ್ತು. ನಾನು ಕೊನೆಯ ಕೊಯ್ಲಿನಲ್ಲಿ ಮೇಲಿನ ಕೋಣೆಯಲ್ಲೂ ಎರಡು ಎರಿ ಬಿಟ್ಟೇ ಮುಚ್ಚಳ ಹಾಕುತ್ತೇನೆ. ಅಷ್ಟು ಬಿಟ್ಟರೆ ಪಾಕದ ಮಾತು ಹೆಚ್ಚಿನ ವರ್ಷ ಬರುವುದಿಲ್ಲ. ಮಳೆ ಹಿಡಿದುಬಿಟ್ಟರೆ ಮಾತ್ರ ಸಕ್ಕರೆ, ನೀರು ಸಮಸಮ ಕಲಸಿ, ಸಂಜೆಯ ಹೊತ್ತು ಗೆರಟೆಯಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ಹುಳ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಿ. ಹೊರಗೆ ಒಂದು ಹನಿ ಚೆಲ್ಲಿದರೂ ಇರುವೆ ಸಾಲು ಕಟ್ಟುತ್ತದೆ. ಉಪವಾಸ ಕೆಡವುವುದು ಯಾವ ಸಹಜ ಪದ್ಧತಿಯೂ ಅಲ್ಲ.

ಇನ್ನೊಂದನ್ನು ಹೇಳಲೇಬೇಕು. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳು ಸಾಲುಸಾಲಾಗಿ ಅಳಿದವು. ನನ್ನ ಮೂವತ್ತೆರಡು ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಮರಿ ನೀರು ತುಂಬಿದ ಚೀಲದಂತೆ ಊದಿ, ಕೋಶದೊಳಗೆ ತಲೆ ಮೇಲೆತ್ತಿ ಸತ್ತಿರುತ್ತದೆ. ವೈರಸ್ ರೋಗ, ಅದನ್ನು ಗುಣಪಡಿಸುವ ಔಷಧವಿಲ್ಲ. ಮತ್ತೆ ನನಗೆ ಜೇನು ಸಿಕ್ಕಿದ್ದು ಕಾಡಂಚಿನ ಒಂದು ಹುತ್ತದಲ್ಲಿ. ಇಂದಿಗೂ ನನ್ನ ತೋಟದಲ್ಲಿರುವುದು ಆ ಸಂತಾನವೇ. ಅದಕ್ಕೇ ಹೇಳುತ್ತೇನೆ, ದೂರದ ಊರಿನಿಂದ ಪೆಟ್ಟಿಗೆ ಕೊಳ್ಳಬೇಡಿ, ನಿಮ್ಮ ಬೆಟ್ಟದ ಜೇನನ್ನೇ ಕೂರಿಸಿ. ಕಲಿಯಲು ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ತರಬೇತಿ ಕೇಂದ್ರವಿದೆ. ಜೊತೆಗೆ ಹತ್ತಿರದ ಜೇನುಗಾರರೊಬ್ಬರ ಬೆನ್ನಿಗೆ ಬಿದ್ದು ಒಂದು ವರ್ಷ ಓಡಾಡಿ.

ಶಿರಸಿ ತೋಟಿಗ:
ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಬೇವಿನೆಣ್ಣೆಯಾದರೂ ಹೂವಿನ ಮೇಲೆ ಹಗಲು ಸಿಂಪಡಿಸಬೇಡಿ. ಸೂರ್ಯ ಮುಳುಗಿ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಪಕ್ಕದ ತೋಟದವರು ಕೀಟನಾಶಕ ಹೊಡೆಯುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೇಲಿಯ ತುಂಬೆ, ಮುಟ್ಟಿದರೆ ಮುನಿಯನ್ನು ಕಳೆಯೆಂದು ಕಿತ್ತೆಸೆಯಬೇಡಿ. ಮಳೆ ಬಿಟ್ಟು ಹೊಳವಾದ ಅರ್ಧ ಗಂಟೆಯಲ್ಲಿ ಜೇನು ಓಡುವುದು ಅಲ್ಲಿಗೇ.

ಮುಜಂಟಿ ಪ್ರಿಯೆ:
ಅಕ್ಕಾ, ತುಡುವೆ ಸಿಗುವವರೆಗೆ ಮುಜಂಟಿ ಎಂಬ ಪುಟ್ಟ ಜೇನು ಸಾಕಿ. ಕುಟುಕುವುದಿಲ್ಲ, ಗೋಡೆಯ ಬಿರುಕಿನಲ್ಲೂ ಸಂಸಾರ ಹೂಡುತ್ತದೆ. ತುಪ್ಪ ತೀರಾ ಕಡಿಮೆ, ಆದರೆ ತರಕಾರಿ ಹಿತ್ತಿಲಿಗೆ ಬೇಕಾದದ್ದು ಅದರ ಓಡಾಟ. ನಮ್ಮ ಜಗಲಿಯ ಬಿದಿರಿನ ಅಂಡೆಯಲ್ಲಿ ಒಂದು ಕುಟುಂಬ ಆರು ವರ್ಷದಿಂದಿದೆ.

ಹಿತ್ತಲಮನೆ, ಸಿದ್ದಾಪುರ:
ಅಣ್ಣಾ, ಎರಿಗಳನ್ನೆಲ್ಲ ಬಿಡಿಸಿ ನೋಡಿದೆ. ಊದಿದ ಮರಿ ಎಲ್ಲೂ ಇಲ್ಲ, ಹಸಿವೇ ನಿಜ. ಪೆಟ್ಟಿಗೆ ತೊಳೆದು ಒಲೆಯ ಪಕ್ಕ ಒಣಗಿಸಿದ್ದೇನೆ. ಬಚ್ಚಲ ಹಿಂದಿನ ಹಲಸಿನ ಪೊಟರೆಯಲ್ಲಿ ತುಡುವೆ ಓಡಾಡುವುದನ್ನು ಕಂಡೆ. ಈಗಲೇ ತೆಗೆಯಬಹುದೇ?

ಸುಳ್ಯದ ಜೇನುಗಾರ:
ಬೇಡ ತಂಗೀ. ದೀಪಾವಳಿ ಕಳೆಯಲಿ, ಹೂವು ಬರಲಿ. ಪೊಟರೆ ಒಡೆಯುವುದೂ ಬೇಡ. ಅವು ಪಾಲಾಗಿ, ಅಂದರೆ ಕುಟುಂಬದ ಒಂದು ಭಾಗ ಹೊಸ ಗೂಡು ಹುಡುಕಿ, ಹೊರಡುವ ಹೊತ್ತಿಗೆ ಪೆಟ್ಟಿಗೆಯ ಒಳಮೈಗೆ ಜೇನುಮೇಣ ಸವರಿ ಹತ್ತಿರದ ನೆರಳಲ್ಲಿಡಿ. ಬಚ್ಚಲ ಒಲೆಯ ಹೊಗೆ ಮಾತ್ರ ಅತ್ತ ಸುಳಿಯಬಾರದು.