ಸಹಾಯ ಬೇಕು: ಹಳೇ ಮನೆಗೆ ಆರ್‌ಸಿಸಿಬಿ ಹಾಕಿಸಿದ್ದೇವೆ, ಪದೇ ಪದೇ ಟ್ರಿಪ್ ಆಗುತ್ತಿದೆ

ನಮಸ್ಕಾರ. ಹಾಸನದ ನಮ್ಮ ಹಳೇ ಮನೆಗೆ ಹೊಸದಾಗಿ, ಕರೆಂಟ್ ಲೀಕ್ ಆದರೆ ತಾನೇ ಲೈನ್ ಕಟ್ ಮಾಡುವ (ಟ್ರಿಪ್ ಆಗುವ) 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದ್ದೇವೆ. ಗೀಸರ್, ಫ್ರಿಜ್, ಮಿಕ್ಸಿ ಏನೂ ತೊಂದರೆ ಇಲ್ಲ. ಯುಪಿಎಸ್ ಲೈನಿನ ಹಾಲ್ ಫ್ಯಾನ್ ಹಾಕಿದ ತಕ್ಷಣ ಮಾತ್ರ ಟಪ್ ಅಂತ ಟ್ರಿಪ್ ಆಗುತ್ತದೆ. ಫ್ಯಾನ್ ಬದಲಿಸಿದೆವು, ಅರ್ಥಿಂಗ್ ಚೆಕ್ ಮಾಡಿಸಿದೆವು. ಅದೇ ಕಥೆ.

ಬೋರ್ಡ್ ಬಿಚ್ಚಿ ನೋಡಿದರೆ, ಯುಪಿಎಸ್‌ಗೆ ಫೇಸ್ ಆರ್‌ಸಿಸಿಬಿಗಿಂತ ಮುಂಚೆಯೇ ಹೋಗಿದೆ. ಫ್ಯಾನಿನ ನ್ಯೂಟ್ರಲ್ ಮಾತ್ರ ಮನೆಯ ಉಳಿದ ಕಪ್ಪು ವೈರ್‌ಗಳ ಜೊತೆ ಸೇರಿ ಆರ್‌ಸಿಸಿಬಿ ಮೂಲಕ ವಾಪಸ್ ಬರುತ್ತಿದೆ. ಹೋಗುವ, ಬರುವ ಕರೆಂಟ್ ತಾಳೆಯಾಗದೆ ಟ್ರಿಪ್ ಆಗುತ್ತಿದೆ ಅಲ್ವಾ? ಒಬ್ಬ ಎಲೆಕ್ಟ್ರಿಷಿಯನ್ ಸುಮ್ನೆ ಆರ್‌ಸಿಸಿಬಿ ತೆಗೆದುಬಿಡಿ ಅಂದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ತೆಗೆಸುವ ಮಾತೇ ಇಲ್ಲ. ಇನ್ನೊಬ್ಬರು ಗೋಡೆ ಒಡೆದು ಬೇರೆ ನ್ಯೂಟ್ರಲ್ ಎಳೆಯಬೇಕು ಅನ್ನುತ್ತಾರೆ.

ಯುಪಿಎಸ್ ಇನ್‌ಪುಟ್ಟನ್ನು ಆರ್‌ಸಿಸಿಬಿ ಆದಮೇಲಿಂದ ಕೊಟ್ಟರೆ ಸಾಕಾ, ಇಲ್ಲ ಬೇರೆ ನ್ಯೂಟ್ರಲ್ ಎಳೆಸಲೇಬೇಕಾ? ಮಾಡಿಸಿದವರು ದಯವಿಟ್ಟು ತಿಳಿಸಿ.