ಮಹಾಸಂಕಟಕ್ಕೆ ಮುಂಚೆ ಸಭೆ ಎತ್ತಲ್ಪಡುವ ಬೋಧನೆ: ತೂಗಿ ನೋಡುವುದು ಹೇಗೆ?

ಪ್ರಶ್ನೆ (ದಾವಣಗೆರೆ)
ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ದಾವಣಗೆರೆಯಲ್ಲಿ ನಾವು ಏಳೆಂಟು ಮನೆಯವರು ಗುರುವಾರ ಸಂಜೆ ಕೂಡಿ ಸತ್ಯವೇದ ಓದುತ್ತೇವೆ. ಹೋದ ವಾರ ನಮ್ಮ ಹಿರಿಯರು ದೇವರು ಮನುಷ್ಯರೊಡನೆ ನಡೆದುಕೊಳ್ಳುವ ಕಾಲವನ್ನು ಏಳು ಯುಗಗಳಾಗಿ ಭಾಗಿಸಿ ತೋರಿಸುವ ಬಟ್ಟೆಯ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಕಡೇ ಕಾಲದ ಏಳು ವರ್ಷಗಳ ಮಹಾಸಂಕಟಕ್ಕೆ ಮುಂಚೆಯೇ ಸಭೆ (ಕ್ರಿಸ್ತನನ್ನು ನಂಬುವವರೆಲ್ಲರ ಸಮೂಹ) ಪರಲೋಕಕ್ಕೆ ಎತ್ತಲ್ಪಡುತ್ತದೆಂದು ಒಪ್ಪದವರು ವಾಕ್ಯವನ್ನೇ ಒಪ್ಪದವರು ಎಂದುಬಿಟ್ಟರು. ಕರ್ತನ ಬರೋಣವನ್ನು ನಾನೂ ನಂಬುತ್ತೇನೆ. ಆದರೆ ಆ ನಕ್ಷೆಯಲ್ಲಿ ಯಾವ ಗೆರೆ ವಾಕ್ಯದ್ದು, ಯಾವುದು ನಕ್ಷೆ ಬರೆದವರದ್ದು ಎಂದು ತಿಳಿಯುವ ಬಗೆ ಹೇಗೆ?

ಉತ್ತರ (ಚಿತ್ರದುರ್ಗ)
ಸಹೋದರರೇ, ಈ ಬೋಧನೆಗೆ 1830ರ ದಶಕದಲ್ಲಿ ರೂಪ ಕೊಟ್ಟವರಲ್ಲಿ ಪ್ರಮುಖರು ಬೋಧಕ ಜಾನ್ ನೆಲ್ಸನ್ ಡಾರ್ಬಿ. ಅದನ್ನು ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಹೊರಬಂದ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳು. ಮೇಲೆ ವಚನ, ಕೆಳಗೆ ಟಿಪ್ಪಣಿ; ವರ್ಷಗಟ್ಟಲೆ ಓದಿದವರಿಗೆ ನಡುವಿನ ಗೆರೆಯೇ ಕಾಣದಂತಾಗುತ್ತದೆ. ಈಚಿನದೆಂಬ ಒಂದೇ ಕಾರಣಕ್ಕೆ ಬೋಧನೆ ತಪ್ಪಾಗುವುದಿಲ್ಲ ಎಂಬುದನ್ನೂ ಹೇಳಬೇಕು.

ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆ 4:17ರಲ್ಲಿ ನಾವು ಕರ್ತನನ್ನು ‘ಎದುರುಗೊಳ್ಳುವೆವು’ ಎಂದಿದೆ. ಇಲ್ಲಿರುವ ಗ್ರೀಕ್ ಪದ ‘ಅಪಾಂತೇಸಿಸ್’. ಅಪೊಸ್ತಲರ ಕೃತ್ಯಗಳು 28:15ರಲ್ಲಿಯೂ ಅದೇ ಪದವಿದ್ದು, ಅಲ್ಲಿ ರೋಮಿನ ಸಹೋದರರು ಅಪ್ಪಿಯ ಪೇಟೆಯವರೆಗೆ ಬಂದು ಪೌಲನನ್ನು ಎದುರುಗೊಳ್ಳುತ್ತಾರೆ, ಪೌಲನಾದರೋ ಹಿಂದಿರುಗದೆ ರೋಮಿಗೇ ಹೋಗುತ್ತಾನೆ. ನಮ್ಮ ಹಳ್ಳಿಗಳಲ್ಲಿ ದಿಬ್ಬಣವನ್ನು ಊರ ಬಾಗಿಲಲ್ಲಿ ಎದುರುಗೊಂಡವರು ಅದನ್ನು ಊರೊಳಗೆ ಕರೆತರುತ್ತಾರೆಯೇ ಹೊರತು ಅದರೊಂದಿಗೆ ಬೇರೆ ಊರಿಗೆ ಹೊರಡುವುದಿಲ್ಲ. ಇನ್ನು ಏಳು ವರ್ಷಗಳ ಲೆಕ್ಕ ದಾನಿಯೇಲ 9:27ರ ಕಡೆಯ ವಾರದಿಂದ ಬಂದದ್ದು (ಅಲ್ಲಿ ಹೇಳಿದ ಎಪ್ಪತ್ತು ವಾರಗಳಲ್ಲಿ ಒಂದೊಂದನ್ನೂ ಏಳು ವರ್ಷವೆಂದು ಎಣಿಸುತ್ತಾರೆ). ಅರವತ್ತೊಂಬತ್ತನೆಯ ವಾರಕ್ಕೂ ಎಪ್ಪತ್ತನೆಯದಕ್ಕೂ ನಡುವೆ ಇಷ್ಟು ಶತಮಾನಗಳ ಬಿಡುವಿದೆ ಎಂದು ವಚನ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಕ್ಷೆ ಬರೆದವರ ಗೆರೆ.

ಉತ್ತರ (ಹರಿಹರ)
ದಿಬ್ಬಣದ ಹೋಲಿಕೆ ಸೊಗಸಾಗಿದೆ, ಆದರೆ ಪದವೊಂದರ ಬಳಕೆಯಿಂದ ದಿಕ್ಕು ತೀರ್ಮಾನವಾಗುವುದಿಲ್ಲ. ಎದುರುಗೊಂಡ ಮೇಲೆ ಎಲ್ಲಿಗೆ ಎಂಬುದನ್ನು ಪೌಲನು ಅಲ್ಲಿ ಬರೆದಿಲ್ಲ. ಯೋಹಾನ 14:3ರಲ್ಲಿ ಕರ್ತನು ತಾನಿರುವ ಸ್ಥಳಕ್ಕೆ ಕರೆದುಕೊಳ್ಳುವ ಮಾತನ್ನಾಡುತ್ತಾನೆ. ನಾನು ಹಿರಿಯರ ಪಕ್ಷದವನೇ, ಆದರೂ ಅವರು ವಿವಾದವನ್ನು ತುದಿಯಿಂದ ಹಿಡಿದಿದ್ದಾರೆ. 1965ರಲ್ಲಿ ದೇವಶಾಸ್ತ್ರಜ್ಞ ಚಾರ್ಲ್ಸ್ ರೈರಿ ಈ ಯುಗವಿಭಾಗ ಪಂಥದ (ಡಿಸ್ಪೆನ್ಸೇಷನಲಿಸಂ) ಮೊದಲ ಗುರುತಾಗಿ ಇಟ್ಟದ್ದು ಯುಗಗಳ ಸಂಖ್ಯೆಯನ್ನಲ್ಲ, ಇಸ್ರಾಯೇಲು ಬೇರೆ, ಸಭೆ ಬೇರೆ ಎಂಬುದನ್ನು. ಮುಂಚಿತವಾಗಿ ಎತ್ತಲ್ಪಡುವ ಬೋಧನೆ ಬಹುಮಟ್ಟಿಗೆ ಆ ಕಂಬಕ್ಕೇ ಆತುಕೊಂಡಿದೆ. ಆದುದರಿಂದ ಮೊದಲು ರೋಮಾಪುರದವರಿಗೆ 11ನೆಯ ಅಧ್ಯಾಯವನ್ನು ಓದಿರಿ: ಎಣ್ಣೆಮರ ಒಂದೇ, ಕಾಡುಮರದ ಕೊಂಬೆಗಳನ್ನು ಅದಕ್ಕೇ ಕಸಿಕಟ್ಟಲಾಗಿದೆ, ಆದರೆ 26ನೆಯ ವಚನ ಇಸ್ರಾಯೇಲನ್ನು ಹೆಸರು ಹಿಡಿದೇ ಕರೆಯುತ್ತದೆ. ಎರಡು ಪಕ್ಷಗಳಿಗೂ ಅಲ್ಲಿ ನುಂಗಲಾರದ ತುತ್ತೊಂದಿದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ವಂದನೆಗಳು. ಬರುವ ಗುರುವಾರ ನಕ್ಷೆಯನ್ನು ಮಡಿಸಿಟ್ಟು ಆ ಅಧ್ಯಾಯವನ್ನೇ ಓದೋಣವೆಂದು ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಮಡಿಸಲು ಒಪ್ಪದಿದ್ದರೆ ಅದರ ಕೆಳಗೇ ಕುಳಿತು ಓದುತ್ತೇವೆ.